ಮೊದಲು ಮನೆ, ಕೊನೆಗೆ ಚರಂಡಿ: ಮುಂಬಯಿ ಹೊರವಲಯದ ಕನ್ನಡ ಸಂಘಗಳಿಗೆ ಬಹಿರಂಗ ಪತ್ರ

ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿಮುಂಬಯಿಯ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ, ಸದಸ್ಯರಿಗೆ, ಹೋಟೆಲ್ ಉದ್ಯಮಿಗಳಿಗೆ, ಹೌಸಿಂಗ್ ಸೊಸೈಟಿಗಳ ಸಮಿತಿಗಳಲ್ಲಿರುವ ಎಲ್ಲ ಕನ್ನಡಿಗರಿಗೆ,

1991ರಲ್ಲಿ ಥಾಣೆ ಜಿಲ್ಲೆಯ ಜನಸಂಖ್ಯೆ ಸುಮಾರು 52.5 ಲಕ್ಷ. 2001ರಲ್ಲಿ ಅದು 81.3 ಲಕ್ಷಕ್ಕೆ ಏರಿತು. 2011ರ ಜನಗಣತಿಯ ಹೊತ್ತಿಗೆ 1.1 ಕೋಟಿ ದಾಟಿ, ಇಡೀ ದೇಶದಲ್ಲೇ ಅತಿ ಹೆಚ್ಚು ಜನರಿರುವ ಜಿಲ್ಲೆ ಎನಿಸಿಕೊಂಡಿತು. 2014ರ ಆಗಸ್ಟ್ 1ರಂದು ಪಾಲ್ಘರ್ ಬೇರೆ ಜಿಲ್ಲೆಯಾಯಿತು; ಆದರೂ ಜನದಟ್ಟಣೆಯ ಬಹುಪಾಲು ಥಾಣೆಯಲ್ಲೇ ಉಳಿಯಿತು. ಅದೇ 2011ರ ಲೆಕ್ಕದಲ್ಲಿ ಥಾಣೆ ಮಹಾನಗರಪಾಲಿಕೆಯಲ್ಲಿ 18 ಲಕ್ಷಕ್ಕೂ ಹೆಚ್ಚು, ಕಲ್ಯಾಣ್-ಡೊಂಬಿವಲಿಯಲ್ಲಿ 12 ಲಕ್ಷಕ್ಕೂ ಹೆಚ್ಚು, ನವಿಮುಂಬಯಿಯಲ್ಲಿ 11 ಲಕ್ಷಕ್ಕೂ ಹೆಚ್ಚು ಜನ ಇದ್ದರು. ಆಮೇಲಿನ ವರ್ಷಗಳಲ್ಲಿ ಎದ್ದ ಕಟ್ಟಡಗಳು ಈ ಅಂಕಿಗಳಲ್ಲಿ ಸೇರಿಲ್ಲ.

ಇಷ್ಟು ಜನ ಇಲ್ಲೇ ಹುಟ್ಟಿ ಹೆಚ್ಚಿದವರಲ್ಲ. 2001 ಮತ್ತು 2011ರ ನಡುವೆ ಮುಂಬಯಿ ನಗರ ಜಿಲ್ಲೆಯ, ಅಂದರೆ ಕೊಲಾಬಾದಿಂದ ಮಾಹಿಮ್, ಸಾಯನ್‌ವರೆಗಿನ ದ್ವೀಪನಗರದ, ಜನಸಂಖ್ಯೆ 33.4 ಲಕ್ಷದಿಂದ 30.9 ಲಕ್ಷಕ್ಕೆ ಇಳಿಯಿತು. ಅದೇ ಹತ್ತು ವರ್ಷಗಳಲ್ಲಿ ಥಾಣೆ ಜಿಲ್ಲೆ ಶೇ 36ರಷ್ಟು ಬೆಳೆಯಿತು. 1982ರ ಜನವರಿಯಲ್ಲಿ ದತ್ತಾ ಸಾಮಂತ್ ನೇತೃತ್ವದಲ್ಲಿ ಆರಂಭವಾದ ಗಿರಣಿ ಮುಷ್ಕರದ ನಂತರ ಪರೇಲ್, ಲಾಲ್‌ಬಾಗ್‌ಗಳ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಆ ಜಾಗಗಳಲ್ಲಿ ಮಾಲ್‌ಗಳೂ ಟವರ್‌ಗಳೂ ಎದ್ದವು. ಸಂಸಾರ ದೊಡ್ಡದಾದ ಹಾಗೆ, ಮನೆಯ ಬೆಲೆ ಕೈಗೆಟಕದ ಹಾಗೆ, ಜನ ಸೆಂಟ್ರಲ್ ರೈಲ್ವೆಯ ಹಳಿಗುಂಟ ಥಾಣೆ, ದಿವಾ, ಡೊಂಬಿವಲಿ, ಕಲ್ಯಾಣ್, ಬದಲಾಪುರದವರೆಗೆ ಸರಿಯುತ್ತ ಹೋದರು. ದಕ್ಷಿಣ ಮುಂಬಯಿಯ ಫೋರ್ಟ್ ಪ್ರದೇಶದ ಹೋಟೆಲಿನ ಮಾಳಿಗೆಯಲ್ಲಿ ಮಲಗಿ ರಾತ್ರಿಶಾಲೆಯಲ್ಲಿ ಓದಿದ ಕರಾವಳಿಯ ಹುಡುಗರು ಮದುವೆಯಾದ ಮೇಲೆ ಡೊಂಬಿವಲಿಯಲ್ಲಿ ಒಂದು ರೂಮ್-ಕಿಚನ್ ಹಿಡಿದದ್ದೂ ಇದೇ ಸಾಲಿನಲ್ಲಿ. ಕಲಬುರಗಿ, ವಿಜಯಪುರ ಕಡೆಗಳಿಂದ ಕಟ್ಟಡ ಕೆಲಸಕ್ಕೂ ಕಲ್ಲುಕೋರೆಗಳಿಗೂ ಬಂದವರು ಇನ್ನೊಂದು ಸಾಲು. ಆ ಸಾಲಿನವರು ಸಂಘದ ವಾರ್ಷಿಕೋತ್ಸವಕ್ಕೆ ಬರುವುದು ಅಪರೂಪ.

ಜನಸಂಖ್ಯೆ ಎಂದೊಡನೆ ಮಾತು ಕುಟುಂಬ ಯೋಜನೆಯ ಕಡೆ ಹೊರಳುವುದು ರೂಢಿ. ಆ ಚರ್ಚೆಗೆ ಮಹಾರಾಷ್ಟ್ರ, ಕರ್ನಾಟಕ ಎರಡೂ ನಾಡುಗಳಲ್ಲಿ ಹಳೆಯ ಇತಿಹಾಸವಿದೆ. ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆ 1921ರಲ್ಲೇ, ಊರೆಲ್ಲ ಮೂಗು ಮುರಿಯುತ್ತಿದ್ದಾಗ, ಸಂತತಿ ನಿಯಂತ್ರಣ ಕೇಂದ್ರ ತೆರೆದರು. ಮೈಸೂರು ಸಂಸ್ಥಾನ 1930ರಲ್ಲಿ ಸರ್ಕಾರದ ಖರ್ಚಿನಲ್ಲೇ ಇಂಥ ಕ್ಲಿನಿಕ್‌ಗಳನ್ನು ಆರಂಭಿಸಿತು. ಸರ್ಕಾರವೊಂದು ಈ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲು ಎಂದು ಅದನ್ನು ಗುರುತಿಸುತ್ತಾರೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಮೂರು ಮಕ್ಕಳಾದವರಿಗೆ ಶಸ್ತ್ರಚಿಕಿತ್ಸೆಯನ್ನು ಕಡ್ಡಾಯ ಮಾಡುವ ಮಸೂದೆಯನ್ನು ಮಹಾರಾಷ್ಟ್ರ ವಿಧಾನಮಂಡಲ ಅಂಗೀಕರಿಸಿತು. ರಾಷ್ಟ್ರಪತಿಯ ಅಂಕಿತ ಸಿಗದೆ ಅದು ಕಾನೂನಾಗಲಿಲ್ಲ. ಆಗದ್ದೇ ಒಳ್ಳೆಯದಾಯಿತು. ಬಲವಂತವಿಲ್ಲದೆಯೇ ಹೆಣ್ಣುಮಕ್ಕಳ ಓದು, ಕೆಲಸ, ಆರೋಗ್ಯ ಸೇವೆಗಳಿಂದ ಜನನ ಪ್ರಮಾಣ ತಾನಾಗಿ ಇಳಿಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು, ಕರ್ನಾಟಕದಲ್ಲೂ 1.7. ಒಂದು ತಲೆಮಾರಿನ ಜಾಗವನ್ನು ಮುಂದಿನ ತಲೆಮಾರು ತುಂಬಲು ಬೇಕಾದದ್ದು 2.1. ಆದ್ದರಿಂದ ಥಾಣೆ ಜಿಲ್ಲೆಯ ನದಿ, ಖಾಡಿ (ಒಳನಾಡಿಗೆ ಚಾಚಿದ ಕಡಲ ಹಿನ್ನೀರು), ಗುಡ್ಡಗಳ ಮೇಲಿನ ಹೊರೆಗೆ ಹೆರುವವರನ್ನು ದೂರುವುದರಲ್ಲಿ ಅರ್ಥವಿಲ್ಲ. ಹೊರೆ ಹುಟ್ಟುವುದು ಮನೆ, ನೀರು, ಚರಂಡಿ, ಕೆಲಸಗಳು ಬರುವ ಕ್ರಮದಿಂದ. ಇಲ್ಲಿ ಮೊದಲು ಮನೆ ಬರುತ್ತದೆ, ಆಮೇಲೆ ನೀರಿನ ಟ್ಯಾಂಕರ್, ಬಹಳ ವರ್ಷಗಳ ಮೇಲೆ ನಲ್ಲಿ, ಎಲ್ಲಕ್ಕಿಂತ ಕೊನೆಗೆ ಚರಂಡಿ. ಕೆಲಸ ಬರುವುದೇ ಇಲ್ಲ. ಅದಕ್ಕಾಗಿ ರೈಲು ಹತ್ತಬೇಕು.

ಈ ಕ್ರಮ ತಿರುವುಮುರುವಾದದ್ದು ಯೋಜನೆ ಇಲ್ಲದ ಕಾರಣಕ್ಕಷ್ಟೇ ಅಲ್ಲ; ರೈಲು, ಕಾರ್ಖಾನೆ, ಯೋಜನೆ ಮೂರೂ ಇಲ್ಲಿಗೆ ಬಂದಿದ್ದವು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕ ರೈಲು ಬಂದು ನಿಂತದ್ದು ಥಾಣೆಯಲ್ಲಿ. ಮರುವರ್ಷ ಹಳಿ ಕಲ್ಯಾಣ್ ತಲುಪಿತು. 1960ರ ದಶಕದಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಎಂಐಡಿಸಿ, ಥಾಣೆಯ ವಾಗ್ಳೆ ಎಸ್ಟೇಟ್, ಡೊಂಬಿವಲಿ, ಥಾಣೆ-ಬೇಲಾಪುರ ಪಟ್ಟಿಗಳಲ್ಲಿ ಕಾರ್ಖಾನೆಗಳನ್ನು ನೆಲೆಗೊಳಿಸಿತು. ಅದೇ ದಶಕದಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹತಾ, ಶಿರೀಷ್ ಪಟೇಲ್ ಎಂಬ ಮೂವರು ಖಾಡಿಯ ಆಚೆ ದಡದಲ್ಲಿ ಹೊಸ ನಗರ ಕಟ್ಟುವ ಪ್ರಸ್ತಾವ ಮುಂದಿಟ್ಟರು. ಆ ಹೊಸ ನಗರ, ಅಂದರೆ ನವಿಮುಂಬಯಿ, ಕಟ್ಟಲು 1970ರಲ್ಲಿ ಸರ್ಕಾರಿ ಸಂಸ್ಥೆ ಸಿಡ್ಕೊ ಹುಟ್ಟಿತು. ರಾಜ್ಯ ಸರ್ಕಾರದ ಕಚೇರಿಗಳೇ ನವಿಮುಂಬಯಿಗೆ ಹೋದರೆ ಉದ್ಯೋಗವೂ ಹಿಂದೆಯೇ ಹೋಗುತ್ತದೆ ಎಂಬುದು ಆ ಮೂವರ ಲೆಕ್ಕಾಚಾರ. ಆದರೆ ರಾಜ್ಯದ ಸಚಿವಾಲಯವಾದ ಮಂತ್ರಾಲಯ ಕದಲಲಿಲ್ಲ. ಸಮುದ್ರ ತುಂಬಿಸಿ ನರೀಮನ್ ಪಾಯಿಂಟ್ ಕಟ್ಟಲಾಯಿತು. ಕಚೇರಿಗಳು ಅಲ್ಲಿಗೆ ಹೋದವು. ಮನೆಗಳು ಮಾತ್ರ ಖಾಡಿ ದಾಟಿದವು. ಐಟಿ ಕಂಪನಿಗಳು ಐರೋಲಿ, ಘನ್ಸೋಲಿ ಕಡೆ ಬಂದದ್ದು ಎಷ್ಟೋ ಕಾಲದ ಮೇಲೆ. ಡೊಂಬಿವಲಿಗೆ ಅದೂ ಇಲ್ಲ. 2025ರ ಜೂನ್ 9ರಂದು ಮುಂಬ್ರಾ ಬಳಿ ಕಿಕ್ಕಿರಿದ ಲೋಕಲ್‌ಗಳ ಬಾಗಿಲಲ್ಲಿ ಜೋತುಬಿದ್ದಿದ್ದವರು ಹಳಿಗೆ ಬಿದ್ದು ಹಲವರು ಸತ್ತರು. ಮನೆ ಒಂದು ಕಡೆ, ಕೆಲಸ ಇನ್ನೊಂದು ಕಡೆ ಇರುವ ಬದುಕಿನ ಬೆಲೆಯಲ್ಲಿ ಇದೂ ಸೇರಿದೆ. ರೈಲಿಗೆ ಹೆದರಿ ಕಾರು ಕೊಂಡವರು ಶಿಳ್‌ಫಾಟಾದಲ್ಲಿ, ಘೋಡ್‌ಬಂದರ್ ರಸ್ತೆಯಲ್ಲಿ ಹೊಗೆ ಉಗುಳುತ್ತ ನಿಲ್ಲುತ್ತಾರೆ.

ನೀರಿನ ವಿಚಾರವನ್ನು ಕನ್ನಡಿಗರು ಸ್ವಲ್ಪ ನಿಧಾನಿಸಿ ನೋಡಬೇಕಾಗುತ್ತದೆ. ಕಲ್ಯಾಣ್, ಡೊಂಬಿವಲಿ, ಅಂಬರನಾಥ, ಉಲ್ಲಾಸನಗರ, ಥಾಣೆಯ ಒಂದು ಭಾಗ, ಇವೆಲ್ಲ ಕುಡಿಯುವುದು ಉಲ್ಹಾಸ್ ನದಿ ಮತ್ತು ಅದರ ಉಪನದಿಗಳ ನೀರನ್ನು. ಕೊಂಕಣದ ನದಿಗಳು ಮಳೆಗಾಲ ಮುಗಿದೊಡನೆ ಸೊರಗುತ್ತವೆ; ಉಲ್ಹಾಸ್ ಬೇಸಿಗೆಯಲ್ಲೂ ಹರಿಯುತ್ತದೆ. ಅದರ ಗುಟ್ಟು ಸಹ್ಯಾದ್ರಿಯ ಆಚೆಗಿದೆ. ಘಟ್ಟದ ಮೇಲೆ ಆಂಧ್ರಾ ಎಂಬ ಹೊಳೆಗೆ ಟಾಟಾ ಕಂಪನಿ ಕಟ್ಟಿದ ಠೋಕರ್‌ವಾಡಿ ಅಣೆಕಟ್ಟಿನ ನೀರನ್ನು 1922ರಿಂದ ಭಿವಪುರಿ ವಿದ್ಯುದಾಗಾರಕ್ಕೆ ಇಳಿಸಲಾಗುತ್ತಿದೆ. ವಿದ್ಯುತ್ ಉತ್ಪಾದನೆಯಾದ ಮೇಲೆ ಆ ನೀರು ಉಲ್ಹಾಸ್ ಸೇರುತ್ತದೆ. ಆಂಧ್ರಾ ಹೊಳೆ ಇಂದ್ರಾಯಣಿಯ ಉಪನದಿ. ಇಂದ್ರಾಯಣಿ ಸೇರುವುದು ಭೀಮೆಯನ್ನು. ಘಟ್ಟದ ಮೇಲೆ ತಡೆಯದೆ ಬಿಟ್ಟಿದ್ದರೆ ಅದು ಪೂರ್ವಕ್ಕೆ ಹರಿದು ವಿಜಯಪುರ, ಕಲಬುರಗಿ, ಯಾದಗಿರಿ ದಾಟಿ ಕೃಷ್ಣೆ ಸೇರಬೇಕಾದ ನೀರು. ಭೀಮಾ ತೀರದಿಂದ ಬರಗಾಲಕ್ಕೆ ಗುಳೆ ಬಂದು ಡೊಂಬಿವಲಿಯ ಕಟ್ಟಡಕ್ಕೆ ಕಲ್ಲು-ಮಣ್ಣು ಹೊರುವ ಕೂಲಿಯವ ಇಲ್ಲಿ ಕುಡಿಯುವ ನೀರಿನಲ್ಲಿ ಅವನ ಊರಿನ ನದಿಯ ಪಾಲೂ ಇದೆ.

ಹತ್ತಿರದ ಮೂಲಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. ಎಂಐಡಿಸಿಯ ಬಾರ್ವಿ ಅಣೆಕಟ್ಟನ್ನು ಎತ್ತರಿಸಿದಾಗ ಮತ್ತಷ್ಟು ಹಳ್ಳಿಗಳು ಮುಳುಗಿದವು. ಶಹಾಪುರ ತಾಲ್ಲೂಕಿನ ಭಾತ್ಸಾ, ತಾನ್ಸಾ, ವೈತರಣಾ ಜಲಾಶಯಗಳು ಮುಂಬಯಿಗೂ ಥಾಣೆಗೂ ನೀರು ಕೊಡುತ್ತವೆ. ಅದೇ ತಾಲ್ಲೂಕಿನ ಪಾಡೆಗಳಿಗೆ, ಅಂದರೆ ಆದಿವಾಸಿ ಕೇರಿಗಳಿಗೆ, ಬೇಸಿಗೆಯಲ್ಲಿ ಟ್ಯಾಂಕರ್ ಹೋಗಬೇಕು. ಮುರಬಾಡ್ ತಾಲ್ಲೂಕಿನ ಕಾಳು ಅಣೆಕಟ್ಟಿನ ಕೆಲಸ ಅರಣ್ಯ ಇಲಾಖೆಯ ಅನುಮತಿ ಪಡೆಯುವ ಮೊದಲೇ ಶುರುವಾಗಿ, 2012ರಲ್ಲಿ ಬಾಂಬೆ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ನವಿಮುಂಬಯಿ ಮಾತ್ರ ಈ ವಿಷಯದಲ್ಲಿ ಸ್ಥಿತಿವಂತ ಪಾಲಿಕೆ. ರಾಯಗಡ ಜಿಲ್ಲೆಯ ಮೋರ್ಬೆ ಅಣೆಕಟ್ಟನ್ನೇ ಅದು ಕೊಂಡುಕೊಂಡಿದೆ. ಸ್ವಂತ ಅಣೆಕಟ್ಟಿರುವ ಪಾಲಿಕೆಗಳು ರಾಜ್ಯದಲ್ಲಿ ಬೆರಳೆಣಿಕೆಯಷ್ಟು.

ಬಂದ ನೀರು ಹೋಗಲೂಬೇಕು. ನಗರಗಳಿಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಮಾನದಂಡ. ಅದರಲ್ಲಿ ಶೇ 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂದು ಎಂಜಿನಿಯರ್‌ಗಳು ಲೆಕ್ಕ ಹಿಡಿಯುತ್ತಾರೆ. ಹತ್ತು ಲಕ್ಷ ಜನರ ಊರೊಂದಕ್ಕೆ ದಿನಕ್ಕೆ 13.5 ಕೋಟಿ ಲೀಟರ್ ನೀರು ಬಂದರೆ 10.8 ಕೋಟಿ ಲೀಟರ್ ಕೊಳಚೆ ಹೊರಡುತ್ತದೆ. ಅಣೆಕಟ್ಟಿನ ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ, ಕೊಳಚೆ ಶುದ್ಧೀಕರಣ ಘಟಕದ ಉದ್ಘಾಟನೆಯ ಫೋಟೊ ಯಾರ ಆಲ್ಬಂನಲ್ಲೂ ಇರುವುದಿಲ್ಲ. ಹಾಗಾಗಿ ಶುದ್ಧೀಕರಣದ ಸಾಮರ್ಥ್ಯ ಯಾವಾಗಲೂ ಜನಸಂಖ್ಯೆಯ ಹಿಂದೆ ಏದುಸಿರು ಬಿಡುತ್ತ ಓಡುತ್ತದೆ. ಉಳಿದ ಕೊಳಚೆ ನಾಲಾ ಹಿಡಿದು ಉಲ್ಹಾಸ್‌ಗೋ, ವಾಲ್ಧುನಿಗೋ, ಖಾಡಿಗೋ ಸೇರುತ್ತದೆ. ಕಲ್ಯಾಣ್ ಬಳಿಯ ಮೋಹನೆಯಲ್ಲಿ ನದಿಯ ಮೇಲೆ ಅಂತರಗಂಗೆ ಹಸಿರು ಚಾಪೆ ಹಾಸಿಕೊಂಡು ಕೂರುವುದು ಈ ಕೊಳಚೆಯ ಸಾರಜನಕ, ರಂಜಕಗಳನ್ನು ಉಂಡು. ಕುಡಿಯುವ ನೀರನ್ನು ಎತ್ತುವ ಪಂಪ್‌ಗಳೂ ಆಸುಪಾಸಿನಲ್ಲೇ ಇವೆ.

ವಾಲ್ಧುನಿಯದು ಇನ್ನೂ ಕೆಟ್ಟ ಗತಿ. ಅಂಬರನಾಥದಲ್ಲಿ ಶಿಲಾಹಾರರು 1060ರ ಹೊತ್ತಿಗೆ ಕಟ್ಟಿಸಿದ ಶಿವಾಲಯದ ಪಕ್ಕದಲ್ಲೇ ಹರಿಯುವ ಈ ಪುಟ್ಟ ಹೊಳೆ ಈಗ ಕಾರ್ಖಾನೆಗಳ ಹಾಗೂ ಮನೆಗಳ ಹೊಲಸು ಸಾಗಿಸುವ ನಾಲಾ. 2014ರ ನವೆಂಬರ್ ಕೊನೆಯಲ್ಲಿ ಯಾರೋ ರಾತ್ರಿ ಟ್ಯಾಂಕರಿನಿಂದ ಸುರಿದ ರಾಸಾಯನಿಕದಿಂದ ಉಲ್ಲಾಸನಗರದ ನದಿತೀರದ ನೂರಾರು ಜನ ಉಸಿರುಗಟ್ಟಿ ಆಸ್ಪತ್ರೆ ಸೇರಿದರು. 'ವನಶಕ್ತಿ' ಸಂಸ್ಥೆ ಹೂಡಿದ್ದ ದಾವೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರ ಜುಲೈನಲ್ಲಿ ಉಲ್ಹಾಸ್ ನದಿಯ ಮಾಲಿನ್ಯಕ್ಕಾಗಿ ಸ್ಥಳೀಯ ಸಂಸ್ಥೆಗಳಿಗೂ ಕೈಗಾರಿಕೆಗಳ ಸಾಮೂಹಿಕ ಶುದ್ಧೀಕರಣ ಘಟಕಗಳಿಗೂ ಒಟ್ಟು 95 ಕೋಟಿ ರೂಪಾಯಿ ದಂಡ ವಿಧಿಸಿತು. ವ್ಯಾಜ್ಯ ಮುಂದೆ ಸುಪ್ರೀಂ ಕೋರ್ಟಿಗೂ ಹೋಯಿತು.

ಕಸದ ವಿಚಾರದಲ್ಲಿ ಕಲ್ಯಾಣ್-ಡೊಂಬಿವಲಿ ಕಂಡದ್ದು ಪಾಠಪುಸ್ತಕಕ್ಕೆ ಸೇರಬೇಕಾದ ಪ್ರಸಂಗ. ಕಲ್ಯಾಣದ ಆಧಾರವಾಡಿ ಡಂಪಿಂಗ್ ಗ್ರೌಂಡ್ ಖಾಡಿಯ ಅಂಚಿನಲ್ಲಿ ಗುಡ್ಡದಷ್ಟು ಬೆಳೆದಿತ್ತು. ಬೇಸಿಗೆಯಲ್ಲಿ ಅದರೊಳಗಿನ ಮೀಥೇನ್ ಹೊತ್ತಿಕೊಂಡು ದಿನಗಟ್ಟಲೆ ಉರಿಯುತ್ತಿತ್ತು. ಸುತ್ತಲಿನ ಸೊಸೈಟಿಗಳವರು ಕಿಟಕಿ ಮುಚ್ಚಿಕೊಂಡು ಕೂರುತ್ತಿದ್ದರು. ಕಸಕ್ಕೆ ವ್ಯವಸ್ಥೆ ಮಾಡದೆ ಹೊಸ ಕಟ್ಟಡಗಳಿಗೆ ಪರವಾನಗಿ ಕೊಡುತ್ತಿರುವುದೇಕೆ ಎಂದು ಕೇಳಿದ ಬಾಂಬೆ ಹೈಕೋರ್ಟ್ 2015ರ ಏಪ್ರಿಲ್‌ನಲ್ಲಿ ಪಾಲಿಕೆಯ ವ್ಯಾಪ್ತಿಯಲ್ಲಿ ಹೊಸ ನಿರ್ಮಾಣಕ್ಕೆ ಅನುಮತಿ ನೀಡುವುದನ್ನೇ ನಿಲ್ಲಿಸಿತು. ಬಿಲ್ಡರ್‌ಗಳು ಹೌಹಾರಿದರು. ಮರುವರ್ಷ ಷರತ್ತುಗಳೊಂದಿಗೆ ತಡೆ ತೆರವಾಯಿತು. ಆಧಾರವಾಡಿಗೆ ಕಸ ಹಾಕುವುದು ನಿಂತದ್ದು 2021ರ ಮೇ ತಿಂಗಳಲ್ಲಿ. ಆ ಒಂದು ವರ್ಷದ ತಡೆಯಷ್ಟು ನೇರವಾಗಿ ಜನಸಂಖ್ಯೆಗೂ ಪರಿಸರಕ್ಕೂ ಇರುವ ಕೊಂಡಿಯನ್ನು ತೋರಿಸಿದ್ದು ಇನ್ನೊಂದಿಲ್ಲ: ಕಸ ಎಲ್ಲಿಗೆ ಹೋಗುತ್ತದೆ ಎಂದು ಹೇಳಿ, ಆಮೇಲೆ ಮನೆ ಕಟ್ಟಿ. ಥಾಣೆ ಪಾಲಿಕೆ ವರ್ಷಗಟ್ಟಲೆ ತನ್ನ ಕಸವನ್ನು ದಿವಾದಲ್ಲಿ, ಅಗ್ಗದ ಮನೆಗಳ ಮಗ್ಗುಲಲ್ಲಿ, ಸುರಿಯಿತು. ಅಲ್ಲಿ ಸುರಿಯುವುದು 2023ರಲ್ಲಿ ನಿಂತಿತು. ನವಿಮುಂಬಯಿ ಕೋಪರ್‌ಖೈರಣೆಯ ಹಳೆಯ ಕಸದ ಗುಂಡಿಯನ್ನು ಮುಚ್ಚಿ 'ನಿಸರ್ಗ ಉದ್ಯಾನ' ಮಾಡಿತು. 2023ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಅದಕ್ಕೆ ದೇಶದಲ್ಲಿ ಮೂರನೇ ಸ್ಥಾನ. ಜನ ಒಳ್ಳೆಯವರು ಎಂಬುದಕ್ಕಿಂತ, ಊರು ಕಟ್ಟುವಾಗಲೇ ಕೊಳವೆಗೂ ಕಸಕ್ಕೂ ಜಾಗ ಬಿಟ್ಟಿದ್ದರು ಎಂಬುದೇ ಅಲ್ಲಿನ ದೊಡ್ಡ ಅನುಕೂಲ.

ಕೈಗೆಟಕುವ ಮನೆ ಕಾನೂನಿನ ಒಳಗೆ ಸಿಗದಿದ್ದಾಗ ಜನ ಕಾನೂನಿನ ಹೊರಗಿನ ಮನೆಗೆ ಹೋಗುತ್ತಾರೆ. 2013ರ ಏಪ್ರಿಲ್ 4ರಂದು ಮುಂಬ್ರಾ ಸಮೀಪದ ಶಿಳ್‌ಫಾಟಾದಲ್ಲಿ ಕುಸಿದ ಅನಧಿಕೃತ ಕಟ್ಟಡ 74 ಜನರನ್ನು ಬಲಿ ತೆಗೆದುಕೊಂಡಿತು. ಕಲ್ಯಾಣ್-ಡೊಂಬಿವಲಿಯಲ್ಲಿ ಖೋಟಾ ಪರವಾನಗಿ ತೋರಿಸಿ ರಾಜ್ಯದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ಮಹಾರೇರಾದ ನೋಂದಣಿ ಪಡೆದ 65 ಕಟ್ಟಡಗಳನ್ನು ಕೆಡವಲು 2024ರ ನವೆಂಬರ್‌ನಲ್ಲಿ ಹೈಕೋರ್ಟ್ ಆದೇಶಿಸಿತು. ಅಲ್ಲಿ ಮನೆ ಕೊಂಡವರು ಬ್ಯಾಂಕ್ ಸಾಲ ಕಟ್ಟುತ್ತಿದ್ದ ಸಾಮಾನ್ಯ ಸಂಸಾರಸ್ಥರು. ಇಂಥ ಕಟ್ಟಡಗಳು ಏಳುವುದು ಸಾಮಾನ್ಯವಾಗಿ ಖಾಡಿಯ ದಂಡೆ, ಗುಡ್ಡದ ಬುಡ, ನಾಲಾದ ಅಂಚು, ಕಾರ್ಖಾನೆಯ ಕಾಂಪೌಂಡಿಗೆ ಅಂಟಿಕೊಂಡ ಜಾಗಗಳಲ್ಲಿ, ಅಂದರೆ ಪರಿಸರದ ದೃಷ್ಟಿಯಿಂದ ಖಾಲಿ ಬಿಡಲೇಬೇಕಾದ ಕಡೆಗಳಲ್ಲಿ. ಡೊಂಬಿವಲಿ ಎಂಐಡಿಸಿ ಆರಂಭವಾದಾಗ ಊರಿಗೂ ಕಾರ್ಖಾನೆಗೂ ನಡುವೆ ಅಂತರವಿತ್ತು; ಮನೆಗಳು ಆ ಅಂತರವನ್ನು ತಿಂದವು. 2014ರ ಜನವರಿಯಲ್ಲಿ ಅಲ್ಲಿ ಹಸಿರು ಬಣ್ಣದ ಮಳೆ ಸುರಿಯಿತು, 2020ರ ಫೆಬ್ರವರಿಯಲ್ಲಿ ರಸ್ತೆಯೊಂದು ಗುಲಾಬಿ ಬಣ್ಣಕ್ಕೆ ತಿರುಗಿತು. 2016ರ ಮೇ 26ರ ಸ್ಫೋಟದಲ್ಲಿ 12 ಜನ, 2024ರ ಮೇ 23ರ ಸ್ಫೋಟದಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಸುತ್ತಲಿನ ಮನೆಗಳ ಗಾಜುಗಳು ಪುಡಿಯಾದವು. ಬಣ್ಣದ ವಿಷಯದಲ್ಲಿ ನವಿಮುಂಬಯಿ ಬದಿಯ ತಳೋಜಾ ಕೈಗಾರಿಕಾ ಪ್ರದೇಶವೂ ಹಿಂದೆ ಬಿದ್ದಿಲ್ಲ: 2017ರ ಆಗಸ್ಟ್‌ನಲ್ಲಿ ಕಾಸಾಡಿ ನದಿಯ ಬದಿಯಲ್ಲಿ ಬೀದಿನಾಯಿಗಳು ನೀಲಿಯಾಗಿ ಓಡಾಡಿದವು.

ನವಿಮುಂಬಯಿಯ ಬಹುಭಾಗ ಹಿಂದೆ ಉಪ್ಪಿನ ಗದ್ದೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕೆಸರುನೆಲ. ತಗ್ಗಿನ ನೆಲಕ್ಕೆ ಭರತದ ನೀರು ನುಗ್ಗದಿರಲಿ ಎಂದು ಸಿಡ್ಕೊ ಡಚ್ಚರ ಪದ್ಧತಿಯ ಹಿಡಿಕೊಳಗಳನ್ನು ನಿರ್ಮಿಸಿತು. ಖಾಡಿಯಲ್ಲಿ ಭರತ ಏರಿದಾಗ ಕೊಳದ ಬಾಯಿಯ ಕದಗಳು ನೀರಿನ ಒತ್ತಡಕ್ಕೆ ತಾವಾಗಿ ಮುಚ್ಚಿಕೊಳ್ಳುತ್ತವೆ. ಆ ಹೊತ್ತಿನಲ್ಲಿ ಊರಿನ ಮಳೆನೀರು ಕೊಳದಲ್ಲಿ ಕಾಯುತ್ತದೆ. ಇಳಿತ ಬಂದೊಡನೆ ಕದ ತೆರೆದು ನೀರು ಖಾಡಿಗೆ ಇಳಿಯುತ್ತದೆ. ವಿದ್ಯುತ್ತೂ ಪಂಪೂ ಬೇಡದ ಈ ಜಾಣ್ಮೆಯ ವ್ಯವಸ್ಥೆಯಲ್ಲಿ ಈಗ ಹೂಳು ತುಂಬಿದೆ, ಹೂಳಿನ ಮೇಲೆ ಕಾಂಡ್ಲಾ ಬೆಳೆದಿದೆ. ಹೂಳು ತೆಗೆಯೋಣವೆಂದರೆ ಕಾಂಡ್ಲಾ ಕಡಿಯಲು ಹೈಕೋರ್ಟಿನ ಅನುಮತಿ ಬೇಕು. ಕಾಂಡ್ಲಾ ನಾಶವನ್ನು ನಿಷೇಧಿಸಿದ ಅದೇ ನ್ಯಾಯಾಲಯದ ಆದೇಶಗಳೇ ಉಳಿದ ದಂಡೆಯನ್ನು ಬಿಲ್ಡರ್‌ಗಳಿಂದ ಕಾಪಾಡಿರುವುದರಿಂದ ಅವನ್ನು ದೂರುವ ಹಾಗೂ ಇಲ್ಲ.

ಥಾಣೆ ಖಾಡಿಯ ಸುಮಾರು 17 ಚದರ ಕಿಲೋಮೀಟರ್ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಹಕ್ಕಿಗಳು ಇಲ್ಲಿ ಸೇರಲು ಕೊಳಚೆಯೂ ಒಂದು ಕಾರಣ ಎಂಬುದು ವಿಚಿತ್ರವಾದರೂ ನಿಜ: ಕೊಳಚೆಯಿಂದ ಪಾಚಿ ಹೆಚ್ಚುತ್ತದೆ, ಪಾಚಿ ಫ್ಲೆಮಿಂಗೊಗಳಿಗೆ ಆಹಾರ. ಆದರೆ ಭರತದ ಹೊತ್ತಿನಲ್ಲಿ ಅವಕ್ಕೆ ಕಾಲೂರಲು ಬದಿಯ ಕೆರೆ-ಜೌಗುಗಳು ಬೇಕು. 2024ರ ಬೇಸಿಗೆಯಲ್ಲಿ ನೆರೂಲ್‌ನ ಅಂಥದೊಂದು ಕೆರೆಗೆ ಭರತದ ನೀರು ಬರುವ ದಾರಿ ಕಟ್ಟಿ ಕೆರೆ ಒಣಗಿದಾಗ ಹಕ್ಕಿಗಳು ರಸ್ತೆಗೆ ಬಂದು ಸತ್ತವು. ಅದೇ ವರ್ಷ ಮೇ 20ರ ರಾತ್ರಿ ಘಾಟ್‌ಕೋಪರ್ ಮೇಲೆ ಇಳಿಯುತ್ತಿದ್ದ ವಿಮಾನಕ್ಕೆ ಬಡಿದು 39 ಫ್ಲೆಮಿಂಗೊಗಳು ಸತ್ತವು. 2025ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ನವಿಮುಂಬಯಿ ವಿಮಾನ ನಿಲ್ದಾಣಕ್ಕಾಗಿ ಉಲ್ವೆ ಗುಡ್ಡವನ್ನು ಕತ್ತರಿಸಲಾಗಿದೆ, ಉಲ್ವೆ ನದಿಯ ಪಾತ್ರವನ್ನು ತಿರುಗಿಸಲಾಗಿದೆ, ಹತ್ತು ಹಳ್ಳಿಗಳನ್ನು ಎಬ್ಬಿಸಲಾಗಿದೆ. ಖಾಡಿಯ ಥಾಣೆ ಬದಿಯಲ್ಲಿ ಯೇವೂರ್ ಬೆಟ್ಟವಿದೆ, ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಪೂರ್ವದ ಅಂಚು. ಬುಡದವರೆಗೆ ಟವರ್‌ಗಳು ಬಂದ ಮೇಲೆ 2019ರ ಫೆಬ್ರವರಿಯಲ್ಲಿ ಚಿರತೆಯೊಂದು ಥಾಣೆಯ ಮಾಲ್‌ಗೆ ನುಗ್ಗಿತು.

ಹೊರೆ ಹೊತ್ತ ನೆಲ ಮಳೆಗಾಲದಲ್ಲಿ ಲೆಕ್ಕ ಒಪ್ಪಿಸುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಸುರಿದ 944 ಮಿಲಿಮೀಟರ್ ಮಳೆಯ ಸುದ್ದಿಯ ನಡುವೆ ಕಲ್ಯಾಣ್, ಬದಲಾಪುರಗಳಲ್ಲಿ ಉಲ್ಹಾಸ್ ಉಕ್ಕಿ ಮನೆಗಳು ಮುಳುಗಿದ್ದು ಅಷ್ಟಾಗಿ ಗಮನ ಸೆಳೆಯಲಿಲ್ಲ. 2019ರ ಜುಲೈ 27ರಂದು ಬದಲಾಪುರ–ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಅದೇ ನದಿಯ ಪ್ರವಾಹದಲ್ಲಿ ಸಿಕ್ಕಿಕೊಂಡು ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ಇಳಿಸಬೇಕಾಯಿತು. ನದಿಯ ಅಗಲಕ್ಕೆ ಮೀಸಲಾದ ನೆಲದಲ್ಲಿ ಕಟ್ಟಡ, ಮಣ್ಣಿನ ತುಂಬು, ರಸ್ತೆ ಬಂದರೆ ನೀರು ಬೇರೆ ಕಡೆ ಅಗಲವಾಗುತ್ತದೆ.

ಪರಿಹಾರಗಳಲ್ಲಿ ದೊಡ್ಡ ಪಾಲು ಸರ್ಕಾರದ್ದು. 2015ರಲ್ಲಿ ಹೈಕೋರ್ಟ್ ತಾತ್ಕಾಲಿಕವಾಗಿ ಮಾಡಿದ್ದನ್ನು ಶಾಶ್ವತ ನಿಯಮವಾಗಿಸುವುದು ಅದರಲ್ಲಿ ಮೊದಲನೆಯದು: ಒಂದು ವಾರ್ಡಿಗೆ ಎಷ್ಟು ನೀರು ಬರುತ್ತದೆ, ಎಷ್ಟು ಕೊಳಚೆ ಶುದ್ಧವಾಗುತ್ತದೆ, ಎಷ್ಟು ಕಸ ಸಂಸ್ಕರಣೆಯಾಗುತ್ತದೆ ಎಂಬ ಲೆಕ್ಕಕ್ಕೆ ಮಹಡಿಗಳ ಸಂಖ್ಯೆಯನ್ನು ಕಟ್ಟಿಹಾಕುವುದು. ಶುದ್ಧೀಕರಿಸಿದ ಕೊಳಚೆಯನ್ನು ಕಾರ್ಖಾನೆಗಳಿಗೆ ಮಾರುವ ಕೆಲಸವನ್ನು ನವಿಮುಂಬಯಿ ಐರೋಲಿ, ಕೋಪರ್‌ಖೈರಣೆಗಳಲ್ಲಿ ಮಾಡಿ ತೋರಿಸಿದೆ. ಡೊಂಬಿವಲಿ, ಅಂಬರನಾಥಗಳ ಕಾರ್ಖಾನೆಗಳು ಬಾರ್ವಿಯ ಸಿಹಿನೀರಿನ ಬದಲು ಅದನ್ನೇ ಬಳಸಿದರೆ ಹೊಸ ಅಣೆಕಟ್ಟಿನ ಒತ್ತಡ ಕಡಿಮೆಯಾಗುತ್ತದೆ. ಉದ್ಯೋಗವನ್ನು ಕಲ್ಯಾಣದ ಕಡೆ ತರುವುದು ಎಲ್ಲಕ್ಕಿಂತ ಕಷ್ಟದ್ದು, ಎಲ್ಲಕ್ಕಿಂತ ಫಲಕಾರಿಯೂ ಹೌದು. ನಗರಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು 1966ರ ಮಹಾರಾಷ್ಟ್ರ ನಗರಯೋಜನಾ ಕಾಯ್ದೆ ಎಲ್ಲರಿಗೂ ಅವಕಾಶ ಕೊಡುತ್ತದೆ. ಕನ್ನಡ ಸಂಘಗಳು ಈ ಅವಕಾಶವನ್ನು ಸಮುದಾಯ ಭವನದ ಜಾಗ ಕೇಳಲು ಬಳಸುವಷ್ಟು ಶ್ರದ್ಧೆಯಿಂದ ನಾಲಾದ ಅಂಚು ಉಳಿಸಲು ಬಳಸುವುದಿಲ್ಲ.

ಸಂಘಗಳ ಕೈಯಲ್ಲೇ ಇರುವ ಕೆಲಸಗಳಲ್ಲಿ ಹೋಟೆಲ್ ಮೊದಲು ಬರುತ್ತದೆ, ಏಕೆಂದರೆ ಈ ನಾಲ್ಕೂ ಊರುಗಳ ಶಾಕಾಹಾರಿ ಹೋಟೆಲುಗಳಲ್ಲಿ ಕರಾವಳಿಯವರ ಪಾಲು ದೊಡ್ಡದು. ರಾತ್ರಿ ಹನ್ನೊಂದಕ್ಕೆ ಶಟರ್ ಅರ್ಧ ಇಳಿಸಿದ ಮೇಲೆ ಒಳಗೆ ಪಾತ್ರೆ ತೊಳೆಯುವ ಮೋರಿಯಲ್ಲಿ ನಡೆಯುವುದನ್ನು ಗಿರಾಕಿ ನೋಡಿರುವುದಿಲ್ಲ. ದೋಸೆಕಲ್ಲು ಕೆರೆದ ಜಿಡ್ಡು, ಸಾಂಬಾರಿನ ಬುಡ, ತಟ್ಟೆಗಳಲ್ಲಿ ಉಳಿದ ಚಟ್ನಿ, ವಡೆ ಕರಿದು ಕಪ್ಪಾದ ಎಣ್ಣೆ, ಎಲ್ಲವೂ ಬಿಸಿನೀರಿನೊಂದಿಗೆ ಒಂದೇ ಕೊಳವೆಗೆ ಇಳಿಯುತ್ತವೆ. ಕೊಳವೆಯೊಳಗೆ ತಣ್ಣಗಾದ ಜಿಡ್ಡು ಗಟ್ಟಿಯಾಗಿ ಅಂಟುತ್ತದೆ. ಮಳೆಗಾಲದ ಮೊದಲ ವಾರ ಮ್ಯಾನ್‌ಹೋಲ್ ಉಕ್ಕುವುದು ಅದರಿಂದಲೂ. ಮೋರಿಗೂ ಚರಂಡಿಗೂ ನಡುವೆ ಜಿಡ್ಡು ತೇಲಿ ನಿಲ್ಲುವ ತೊಟ್ಟಿ ಕೂರಿಸಿದರೆ ಅರ್ಧ ತೊಂದರೆ ಅಲ್ಲೇ ತಪ್ಪುತ್ತದೆ, ತೊಟ್ಟಿಯನ್ನು ವಾರವಾರ ಬಳಿಯುವುದಾದರೆ. ಕರಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಶೇ 25 ಮೀರಬಾರದು ಎಂಬ ನಿಯಮ 2018ರಿಂದ ಇದೆ; ಮೀರಿದ ಎಣ್ಣೆಯನ್ನು ಬಯೋಡೀಸೆಲ್‌ಗಾಗಿ ಕೊಂಡೊಯ್ಯುವವರಿದ್ದಾರೆ. ಪಾರ್ಸೆಲ್ ಸಾಂಬಾರಿನ ತೆಳು ಪ್ಲಾಸ್ಟಿಕ್ ಚೀಲದ ಮೇಲೆ ಮಹಾರಾಷ್ಟ್ರ 2018ರಲ್ಲೇ ನಿಷೇಧ ಹೇರಿತು. ಚೀಲ ಹೋಗಲಿಲ್ಲ, ಕೌಂಟರಿನ ಕೆಳಗೆ ಸರಿಯಿತು. ಮನೆಯಿಂದ ಡಬ್ಬಿ ತಂದವರಿಗೆ ಒಂದು ಸೌಟು ಹೆಚ್ಚು ಹಾಕುವ ಹೋಟೆಲಿಗೆ ದಂಡದ ಭಯ ಬೇಡ.

ಸೊಸೈಟಿಗಳ ಮಟ್ಟದಲ್ಲಿ ಲೆಕ್ಕ ಸರಳ. ನೂರು ಮನೆಗಳ ಸೊಸೈಟಿಯಲ್ಲಿ ನಾನೂರು ಜನ, ತಲೆಗೆ ಅರ್ಧ ಕಿಲೋದಂತೆ ದಿನಕ್ಕೆ 200 ಕಿಲೋ ಕಸ. ಅದರಲ್ಲಿ ಸುಮಾರು ಅರ್ಧ ಹಸಿ ಕಸ. 2016ರ ಘನತ್ಯಾಜ್ಯ ನಿಯಮಗಳು ದಿನಕ್ಕೆ 100 ಕಿಲೋ ಮೀರಿದವರನ್ನು ದೊಡ್ಡ ಉತ್ಪಾದಕರೆಂದು ಗುರುತಿಸಿ ಹಸಿ ಕಸವನ್ನು ಆವರಣದಲ್ಲೇ ಸಂಸ್ಕರಿಸಲು ಹೇಳಿದವು. ಬಹಳ ಸೊಸೈಟಿಗಳಲ್ಲಿ ಗೊಬ್ಬರದ ಯಂತ್ರ ಉದ್ಘಾಟನೆಯ ಹಾರದೊಂದಿಗೇ ತುಕ್ಕು ಹಿಡಿಯುತ್ತದೆ; ಅದನ್ನು ನೋಡಿಕೊಳ್ಳುವ ಕೆಲಸಗಾರನಿಗೆ ಪಗಾರ ಇಟ್ಟ ಕಡೆ ಮಾತ್ರ ನಡೆಯುತ್ತದೆ. ಮಳೆಯ ಲೆಕ್ಕವೂ ಹಾಗೆಯೇ: ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ವರ್ಷಕ್ಕೆ 2,000 ಮಿಲಿಮೀಟರ್ ಮೀರಿ ಮಳೆಯಾಗುವ ಈ ಸೀಮೆಯಲ್ಲಿ 500 ಚದರ ಮೀಟರ್ ತಾರಸಿಯ ಮೇಲೆ ಹತ್ತು ಲಕ್ಷ ಲೀಟರ್ ಬೀಳುತ್ತದೆ, ಅಂದರೆ ಹತ್ತು ಸಾವಿರ ಲೀಟರಿನ ನೂರು ಟ್ಯಾಂಕರ್. ಎಲ್ಲವನ್ನೂ ಹಿಡಿದಿಡಲಾಗದು, ಕೆಳಗಿನ ಕರಿಕಲ್ಲು ಹೆಚ್ಚು ನೀರು ಕುಡಿಯುವುದಿಲ್ಲ. ಆದರೆ 135 ಲೀಟರಿನಲ್ಲಿ 45 ಲೀಟರ್ ಫ್ಲಶ್‌ಗೇ ಹೋಗುವುದರಿಂದ ಮಳೆಗಾಲದ ನಾಲ್ಕು ತಿಂಗಳು ಅಷ್ಟನ್ನಾದರೂ ತಾರಸಿಯ ನೀರಿನಿಂದ ತೂಗಿಸಬಹುದು.

ಮನೆ ಕೊಳ್ಳುವಾಗ ವಾಸ್ತು ನೋಡುವವರು, ಸ್ಟೇಷನ್ ಎಷ್ಟು ದೂರ ಎಂದು ಕೇಳುವವರು, ಕಟ್ಟಡಕ್ಕೆ ಒಸಿ (ವಾಸಯೋಗ್ಯತಾ ಪ್ರಮಾಣಪತ್ರ) ಇದೆಯೇ, ಪಾಲಿಕೆಯ ದಾಖಲೆಯಲ್ಲಿ ಆ ಪರವಾನಗಿ ಸಂಖ್ಯೆ ನಿಜವಾಗಿ ಇದೆಯೇ, ಕೊಳಚೆ ಯಾವ ಘಟಕಕ್ಕೆ ಹೋಗುತ್ತದೆ ಎಂದು ಕೇಳುವುದಿಲ್ಲ. 65 ಕಟ್ಟಡಗಳ ಪ್ರಕರಣದ ನಂತರ ಸಂಘಗಳಲ್ಲಿರುವ ವಕೀಲರು, ಎಂಜಿನಿಯರ್‌ಗಳು ತಿಂಗಳಿಗೊಂದು ಭಾನುವಾರ ಕೂತು ಇಂಥ ಕಾಗದ ನೋಡಿಕೊಟ್ಟರೆ ಯಕ್ಷಗಾನದ ಟಿಕೆಟಿನಷ್ಟೂ ಖರ್ಚಿಲ್ಲದ ಸೇವೆಯಾಗುತ್ತದೆ.

ಕೊನೆಯದು ತಲೆ ಎಣಿಕೆ. ಈ ಊರುಗಳ ನೀರು, ಚರಂಡಿ, ಆಸ್ಪತ್ರೆಗಳ ಯೋಜನೆಗಳು ಇಷ್ಟು ವರ್ಷ 2011ರ ಅಂಕಿಗಳನ್ನೇ ಹಿಗ್ಗಿಸಿ ಮಾಡಿದವು. ಮುಂದಿನ ಜನಗಣತಿಯ ಆಧಾರ ದಿನ 2027ರ ಮಾರ್ಚ್ 1. ಹೋಟೆಲಿನ ಮಾಳಿಗೆಯಲ್ಲಿ ಮಲಗುವ ಹುಡುಗರು, ಕಟ್ಟಡದ ಸೈಟಿನ ತಗಡಿನ ಶೆಡ್ಡುಗಳಲ್ಲಿ ಇರುವ ಕಲಬುರಗಿಯ ಸಂಸಾರಗಳು, ಅನಧಿಕೃತ ಕಟ್ಟಡದಲ್ಲಿದ್ದು ಬಾಗಿಲು ತೆರೆಯಲು ಅಂಜುವವರು ಗಣತಿದಾರರ ಕಣ್ಣು ತಪ್ಪುವುದು ಸುಲಭ. ಊರಿನ ಪಡಿತರ ಚೀಟಿಯಲ್ಲಿ ಹೆಸರಿದೆ ಎಂದು ಇಲ್ಲಿ ಬರೆಸದೆ ಬಿಡುವವರೂ ಉಂಟು. ಗಣತಿಯಲ್ಲಿ ಹೆಸರು ಬರೆಸಿದರೆ ಊರಿನ ಪಡಿತರ ತಪ್ಪುವುದಿಲ್ಲ, ಜನಗಣತಿ ಕಾಯ್ದೆಯ ಪ್ರಕಾರ ಆ ಮಾಹಿತಿಯನ್ನು ಗೋಪ್ಯವಾಗಿಡಬೇಕು. ಹೋಟೆಲ್ ಮಾಲೀಕರು ತಮ್ಮ ಕೆಲಸದವರನ್ನು, ಗುತ್ತಿಗೆದಾರರು ತಮ್ಮ ಕೂಲಿಯವರನ್ನು ಬರೆಸುವಂತೆ ನೋಡಿಕೊಳ್ಳುವುದು, ಮರಾಠಿ ಬಾರದವರ ಜೊತೆಗೆ ಕನ್ನಡ ಬಲ್ಲ ಒಬ್ಬರನ್ನು ನಿಲ್ಲಿಸುವುದು, ಮಾತೃಭಾಷೆಯ ಕಾಲಮಿನಲ್ಲಿ ಅವರು ಹೇಳಿದ ಭಾಷೆಯೇ ಬರುವಂತೆ ಮಾಡುವುದು, ಇಷ್ಟು ಸಂಘಗಳಿಂದ ಆಗುವ ಕೆಲಸ. ಮುಂದಿನ ಕೊಳವೆಯ ಅಗಲ ನಿಗದಿಯಾಗುವುದು ಆ ಪಟ್ಟಿಯ ಮೇಲೆ.